ಹೊಸ್ತಿಲಿನ ಹೊರಗೆ ಎರಡು ಸೀಟು

೧೯ ಜೂನ್ ೨೦೦೫, ಭಾನುವಾರ

ಈ ಡೈರಿಯನ್ನು ಕನ್ನಡದಲ್ಲೇ ಬರೆಯುವುದೆಂದು ತೀರ್ಮಾನಿಸಿದ್ದೇನೆ. ಶಾಲೆ, ಕಾಲೇಜು ಎಲ್ಲ ಇಂಗ್ಲಿಷಿನಲ್ಲೇ ಮುಗಿಸಿದವಳಿಗೆ ಇದು ಕಷ್ಟವೇ. ಆದರೆ ಅರವಿಂದ್ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲಿ. ಕನ್ನಡ ಮಾತಾಡುತ್ತಾನೆ, ಓದಲು ಒಂದಕ್ಷರ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ!

ಮದುವೆಯಾಗಿ ತಿಂಗಳ ಮೇಲಾಯಿತು. ಇನ್ನೂ ಬೆಳಿಗ್ಗೆ ಎದ್ದು ಪಕ್ಕದಲ್ಲಿ ಮಲಗಿರುವವನನ್ನು ನೋಡಿದರೆ ನಗು ಬರುತ್ತದೆ. ಎಷ್ಟು ಚೆಂದ ಮಲಗುತ್ತಾನೆ! ಬಾಯಿ ಸ್ವಲ್ಪ ತೆರೆದು, ಒಂದು ಕೈ ಮಂಚದ ಹೊರಗೆ ನೇತುಹಾಕಿ. ಹಡಗಿನಲ್ಲಿ ಬಂದ ಸರಕು ಎಷ್ಟು ಹಾಳಾಗಿದೆ ಎಂದು ವಿಮೆಯವರಿಗೆ ವರದಿ ಬರೆಯುವುದು ಅವನ ಕೆಲಸ. ನೆನೆದ ಸಕ್ಕರೆ ಮೂಟೆ, ಸೊಟ್ಟಗಾದ ಯಂತ್ರ, ಒಡೆದ ಟೈಲ್ಸು. ರಾಯಪುರಂನ ಈ ಮನೆಯಿಂದ ಬಂದರಿಗೆ ಸ್ಕೂಟರಿನಲ್ಲಿ ಹೋಗುತ್ತಾನೆ. ಯಾಕೆಂದರೆ ಕಾರು ದಿನಾ ಓಡಿಸುವಂಥದ್ದಲ್ಲ.

ಕಾರು! ಅದರ ಬಗ್ಗೆ ಬರೆಯದಿದ್ದರೆ ಈ ಮನೆಯ ಬಗ್ಗೆ ಬರೆದಂತೆಯೇ ಅಲ್ಲ. ಮಾಜ್ದಾ ಎಂಎಕ್ಸ್-5. ಜಪಾನಿನಿಂದ ಯಾರೋ ತರಿಸಿ, ಬಿಡಿಸಿಕೊಳ್ಳದೆ ಬಂದರಿನಲ್ಲೇ ಬಿಟ್ಟದ್ದನ್ನು ಅರವಿಂದ್ ಹರಾಜಿನಲ್ಲಿ ಹಿಡಿದನಂತೆ. ಕೆಂಪು ಬಣ್ಣ. ಮೇಲೆ ಮಡಿಚುವ ಬಟ್ಟೆಯ ಹುಡ್. ಎರಡೇ ಸೀಟು. ಆಮೇಲೆ ಅವನು ಅದಕ್ಕೆ ಟರ್ಬೋ ಕೂರಿಸಿದ, ಗಿಡ್ಡ ಸ್ಪ್ರಿಂಗ್ ಹಾಕಿ ನೆಲಕ್ಕೆ ಇಳಿಸಿದ, ರೇಸಿನ ಸೀಟು ಹಾಕಿಸಿದ, ಸೈಲೆನ್ಸರ್ ಬದಲಿಸಿದ. ಈಗ ಸ್ಟಾರ್ಟ್ ಮಾಡಿದರೆ ಎದುರುಮನೆಯ ಬೇವಿನ ಮರದ ಕಾಗೆಗಳೆಲ್ಲ ಏಳುತ್ತವೆ. ಅತ್ತೆ ಅದನ್ನು 'ಹಿರೀ ಸೊಸೆ' ಎಂದು ಕರೆಯುತ್ತಾರೆ.

ಇವತ್ತು ಊಟಕ್ಕೆ ಕೂತಾಗ ಅರವಿಂದ್ ಹೇಳಿದ: "ಮಾರಿಬಿಡೋಣ. ಸಂಸಾರಕ್ಕೆ ಹಿಂದಿನ ಸೀಟು ಬೇಕಲ್ಲ. ಒಂದು ಸ್ಯಾಂಟ್ರೋ ತಗೊಳ್ಳೋಣ."

ಸಂಸಾರ! ಅವನು ಆ ಪದ ಹೇಳಿದ ರೀತಿಗೆ ನನ್ನ ಕಿವಿಯೆಲ್ಲ ಬಿಸಿಯಾಯಿತು. ನಾನೇ ಮಾರಿಕೊಡುತ್ತೇನೆ ಎಂದೆ. ಹೇಗೂ ಹಗಲು ಮನೆಯಲ್ಲಿರುವವಳು ನಾನೇ.

೨೬ ಜೂನ್, ಭಾನುವಾರ

ಪೇಪರಿನಲ್ಲಿ ಜಾಹೀರಾತು ಬಂತು. ಬೆಳಿಗ್ಗೆಯಿಂದ ಫೋನು. ಮಧ್ಯಾಹ್ನದೊಳಗೆ ನಾಲ್ಕು ಪಾರ್ಟಿ. ನನ್ನನ್ನು ನೋಡಲು ಬಂದಾಗ ಅಮ್ಮ ಓಡಾಡಿದಂತೆಯೇ ನಾನು ಕಾಫಿ ಹಿಡಿದು ಓಡಾಡಿದೆ! ಬಂದವರಿಗೆಲ್ಲ ಹೇಳಿದ್ದೇ ಹೇಳಿದೆ: ಸ್ಟ್ರಾಬೆರಿ ಥರ ಇದೆ ನೋಡಿ, ಲೈಟು ಹಾಕಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೆ ಬರುತ್ತೆ, ಸಮುದ್ರದ ಪಕ್ಕ ಹೋದರೆ ಹಾರಿದ ಹಾಗೇ! ಲೈಟು ಹಾಕಿ ತೋರಿಸಿದೆ. ಬಲಗಣ್ಣು ಮಾತ್ರ ಎದ್ದಿತು. ಎಡಗಣ್ಣು ಏಳಲಿಲ್ಲ. ಬಂದವನು ನಕ್ಕ. "ಮೇಡಂ, ನಿಮ್ಮ ಕಾರು ಕಣ್ಣು ಹೊಡೀತಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಇನ್ನೊಬ್ಬರು ಎಲ್ಲ ಒಪ್ಪಿ, ಕೊನೆಗೆ ನಂಬರ್ ಪ್ಲೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳು ಮಡಿಚಿದರು.

"ಕೂಟ್ಟಿ ಪಾತ್ತಾ ಎಟ್ಟು ವರುದೇ ಮ್ಮಾ."

ಕೂಡಿಸಿದರೆ ಎಂಟು ಬರುತ್ತದಂತೆ. ಎಂಟು ಶನಿಯದಂತೆ. ಕಾಫಿ ಕುಡಿದು ಹೋದರು.

ಅರವಿಂದ್ ಎಲ್ಲದಕ್ಕೂ ಜೇಬಿನಲ್ಲಿ ಕೈಯಿಟ್ಟುಕೊಂಡು ದೂರ ನಿಂತಿದ್ದ. ಪಾಪ, ನನ್ನ ಅರವಿಂದ್! ಒಳಗೊಳಗೇ ಎಷ್ಟು ನೋಯುತ್ತಿದ್ದಾನೋ. ಸಂಜೆ ಸ್ನಾನ ಮಾಡುವಾಗ ಜೋರಾಗಿ ಸಿಳ್ಳೆ ಹಾಕುತ್ತಿದ್ದ. ನನಗೆ ಗೊತ್ತಾಗಬಾರದೆಂದು.

೩ ಜುಲೈ, ಭಾನುವಾರ

ದೊಡ್ಡ ಗಲಾಟೆ. ಮೈಸೂರಿನಿಂದ ಅಪ್ಪ ಫೋನ್ ಮಾಡಿದ್ದರು. ಗುರುವಾರ ಆಷಾಢ ಶುರು, ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲಿನೊಳಗೆ ಇರಬಾರದು, ಬುಧವಾರ ಬಂದು ನನ್ನನ್ನು ಕರೆದೊಯ್ಯುತ್ತಾರಂತೆ. ಅತ್ತೆ ಸ್ಪೀಕರಿಗೆ ಬಾಯಿ ಹಚ್ಚಿ, "ಈಗ್ಲೇ ಯಾಕೆ? ಆಡಿ ಹುಟ್ಟೋದು ಹದಿನೇಳಕ್ಕೆ" ಎಂದರು. ಅತ್ತೆ ಮೂವತ್ತು ವರ್ಷದಿಂದ ಇಲ್ಲಿಯವರು. ಅಡುಗೆಮನೆಯಲ್ಲಿ ತೂಗುಹಾಕಿರುವುದು ತಮಿಳು ಕ್ಯಾಲೆಂಡರು. ಆಡಿಯೆಂದರೆ ಅವರಿಗೆ ಆಷಾಢವೇ. ಅಪ್ಪನ ಆಷಾಢ ಅಮಾವಾಸ್ಯೆಗೆ ಮುಗಿಯುತ್ತದೆ. ಅತ್ತೆಯ ಆಡಿ ಆಗಸ್ಟ್ ಅರ್ಧದವರೆಗೆ.

ಅಪ್ಪ ತಮ್ಮದು ಬಿಡಲಿಲ್ಲ, ಅತ್ತೆ ತಮ್ಮದು ಬಿಡಲಿಲ್ಲ. ಕೊನೆಗೆ ಇಬ್ಬರೂ ರಾಜಿಯಾದದ್ದು ಹೇಗೆಂದರೆ, ಅಪ್ಪನ ಶುರುವಿನಿಂದ ಅತ್ತೆಯ ಕೊನೆಯವರೆಗೆ ಎರಡನ್ನೂ ಪಾಲಿಸುವುದು! ಒಂದೂಕಾಲು ತಿಂಗಳಿಗಿಂತ ಹೆಚ್ಚು! ನಾನು ಅರವಿಂದ್‌ನನ್ನು ಬಿಟ್ಟು ಅಷ್ಟು ದಿನ! ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

"ಕಾರು ನೋಡೋಕೆ ಬರೋರಿಗೆ ಯಾರು ತೋರಿಸ್ತಾರೆ?" ಎಂದ ಅರವಿಂದ್. ಅವನು ಕೇಳಿದ್ದು ಅದನ್ನೇ.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಯೋಚಿಸಿದರು. "ಶಾಸ್ತ್ರ ಹೇಳೋದು ಇಬ್ರೂ ಒಂದು ಹೊಸ್ತಿಲೊಳಗೆ ಇರಬಾರದು ಅಂತ. ಸೊಸೇನೇ ಹೋಗ್ಬೇಕು ಅಂತ ಯಾರು ಹೇಳಿದ್ದು? ನಾನು ರತ್ನಾವತಿ ಮನೆಗೆ ಹೋಗ್ತೀನಿ."

ರತ್ನಾವತಿ ಮಾವನ ತಂಗಿ, ಹಿಂದಿನ ಬೀದಿಯಲ್ಲಿದ್ದಾರೆ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಇರುವ ಒಬ್ಬರೇ ಹತ್ತಿರದವರು. ನನ್ನ ಅತ್ತೆಯಂಥ ಅತ್ತೆ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ!!

೮ ಜುಲೈ, ಶುಕ್ರವಾರ

ಮನೆಯಲ್ಲಿ ನಾವಿಬ್ಬರೇ. ಸ್ವರ್ಗ.

ಆದರೆ ಬೆಳಿಗ್ಗೆ ಅರವಿಂದ್ ಹೋಗಿ ಸ್ವಲ್ಪ ಹೊತ್ತಿಗೆ ಗೇಟು ಕಿರುಗುಟ್ಟಿತು. ಅತ್ತೆ. ಕೈಯಲ್ಲಿ ಹುರುಳಿಕಾಯಿ ಚೀಲ, ಈಳಿಗೆಮಣೆ. ಮೆಟ್ಟಿಲು ಹತ್ತಲಿಲ್ಲ. ಪೋರ್ಟಿಕೋದಲ್ಲಿ ಅತ್ತಿತ್ತ ನೋಡಿದರು. ಕುರ್ಚಿಗಳೆಲ್ಲ ಒಳಗೆ. ಕಾರಿನ ಹುಡ್ ಮಡಿಚಿತ್ತು. ಬಾಗಿಲು ತೆಗೆದು, ಸೀರೆ ಎತ್ತಿ, ನಿಧಾನವಾಗಿ ರೇಸಿನ ಸೀಟಿನೊಳಗೆ ಇಳಿದರು. ಇಳಿದರು ಅನ್ನುವುದಕ್ಕಿಂತ ಸಿಕ್ಕಿಕೊಂಡರು.

"ಇಲ್ಲಿ ಹೊಸ್ತಿಲಿಲ್ಲ ಕಣೇ," ಎಂದರು. "ಬಾ, ಕೂತ್ಕೋ. ರತ್ನಾ ಮನೇಲಿ ಟೀವಿ ಶಬ್ದಕ್ಕೆ ತಲೆ ಒಡೆದು ಹೋಯ್ತು."

ನಾನು ಸ್ಟಿಯರಿಂಗ್ ಹಿಂದೆ ಕೂತು ಹುರುಳಿಕಾಯಿ ನಾರು ತೆಗೆದೆ. ಹೋಗುವಾಗ ಅವರನ್ನು ಸೀಟಿನಿಂದ ಎಬ್ಬಿಸಲು ಎರಡೂ ಕೈ ಹಿಡಿದು ಎಳೆಯಬೇಕಾಯಿತು. ಇಬ್ಬರೂ ನಕ್ಕು ನಕ್ಕು ಮತ್ತೆ ಕುಸಿದೆವು.

೧೦ ಜುಲೈ, ಭಾನುವಾರ

ಕಾರಿಗೆ ಗಂಡು ಸಿಕ್ಕಿತು! ಹೆಸರು ಇಳಂಗೋವನ್. ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಎಂಟಕ್ಕೆ ಹೆದರುವವನಲ್ಲ. "ನನ್ನ ಹುಟ್ಟಿದ ತಾರೀಕೇ ಎಂಟು ಮೇಡಂ, ಇದಕ್ಕಿಂತ ಇನ್ನೇನಾಗತ್ತೆ" ಎಂದ. ಬಾನೆಟ್ ಎತ್ತಿ ಟರ್ಬೋ ನೋಡಿ ಸುಮ್ಮನೆ ನಿಂತ, ದೇವರ ಮುಂದೆ ನಿಂತಂತೆ. ಆದರೆ ಆಡಿ ಬರುತ್ತಿದೆ. ಹಣ ಹೊಂದಿಸುವಷ್ಟರಲ್ಲಿ ಹುಟ್ಟಿಬಿಡುತ್ತದೆ, ಆಡಿಯಲ್ಲಿ ಅವರ ಮನೆಗೆ ಹೊಸದೇನೂ ಬರುವ ಹಾಗಿಲ್ಲ. ಆವಣಿ ತಿಂಗಳ ಮೊದಲ ದಿನ, ಆಗಸ್ಟ್ ಹದಿನೇಳಕ್ಕೆ, ಬಂದು ಒಯ್ಯುತ್ತಾನಂತೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣಿನ ತಟ್ಟೆಯ ಮೇಲೆ ಮುಂಗಡ ಇಟ್ಟು ಅರವಿಂದ್‌ನ ಕೈಗೆ ಕೊಟ್ಟ. ಅರವಿಂದ್ ಎರಡೂ ಕೈಯಲ್ಲಿ ತೆಗೆದುಕೊಂಡ.

ಕಾರಿನೊಳಗಿಂದ ಅತ್ತೆ, "ಅಲ್ಲಿಗೆ ನಿಶ್ಚಯ ಆಯ್ತು" ಎಂದರು. ದನಿ ಸರಿಯಿರಲಿಲ್ಲ.

೧೪ ಜುಲೈ, ಗುರುವಾರ

ಇವತ್ತು ನನಗೆ ಗೊತ್ತಾದದ್ದನ್ನು ಈಗಲೇ ಬರೆದುಬಿಡಬೇಕು.

ಅತ್ತೆ ಕಾರಿನ ಡ್ಯಾಶ್‌ಬೋರ್ಡ್ ಸೆರಗಿನಲ್ಲಿ ಒರೆಸುತ್ತಿದ್ದರು. ಒರೆಸುತ್ತಲೇ ಕಣ್ಣೀರು. ಏನೆಂದು ಕೇಳಿದೆ.

"ನಿಂಗೆ ಗೊತ್ತಿಲ್ವಾ? ನಿಮ್ಮಪ್ಪ ಮದುವೆ ಮಾತಿಗೆ ಬಂದಾಗ ಇದನ್ನ ನೋಡಿ ಮುಖ ಕೆಟ್ಟು ಹೋಯ್ತು. 'ಈ ರೇಸಿನ ಕಾರು ಇರೋ ಮನೆಗೆ ಮಗಳನ್ನ ಕೊಡೋಕೆ ಧೈರ್ಯ ಬರಲ್ಲ, ಇದನ್ನ ತೆಗೆದುಬಿಟ್ರೆ ಮುಂದುವರಿಯೋಣ' ಅಂದ್ರು. ನನ್ನ ಮಗ ಒಂದು ನಿಮಿಷ ತಲೆ ತಗ್ಗಿಸಿ ಕೂತಿದ್ದ. ಆಮೇಲೆ 'ಸೆರಿ' ಅಂದ. ಏಳು ವರ್ಷ ಅದರ ಕೆಳಗೇ ಮಲಗಿದ್ದ ಹುಡುಗ ಕಣೇ. ಅವನ ಫ್ರೆಂಡ್ಸ್ ಎಲ್ಲ ಬಂದು ಸಾವಿನ ಮನೆಗೆ ಬಂದೋರ ಹಾಗೆ ಕೂತು ಹೋದ್ರು."

ಹಿಂದಿನ ಸೀಟು, ಸಂಸಾರ, ಅದೆಲ್ಲ ನೆಪ. ನನಗೋಸ್ಕರ! ನನ್ನ ಗಂಡ ನನಗೋಸ್ಕರ ತನ್ನ ಪ್ರಾಣವನ್ನೇ ಕೊಟ್ಟುಬಿಟ್ಟಿದ್ದಾನೆ, ಅದನ್ನು ಒಂದು ಮಾತಿನಲ್ಲಿಯೂ ಹೇಳಿಲ್ಲ. ಇಂಥವನಿಗೆ ನಾನು ಏನು ಕೊಡಲಿ? ಒಂದೇ. ಈ ಕಾರು ಹೋಗಬಾರದು. ಹದಿನೇಳರೊಳಗೆ ಅಪ್ಪನ ಬಾಯಿಂದ ಆ ಮಾತನ್ನು ವಾಪಸ್ ಪಡೆಯುತ್ತೇನೆ.

ರಾತ್ರಿ ಅವನಿಗೆ ಒಬ್ಬಟ್ಟು ಮಾಡಿದೆ. "ಏನು ವಿಶೇಷ?" ಎಂದ. ಏನಿಲ್ಲ ಎಂದೆ.

೨೨ ಜುಲೈ, ಶುಕ್ರವಾರ

ಅಪ್ಪನಿಗೆ ಇನ್ನೂ ಫೋನ್ ಮಾಡಿಲ್ಲ. ಏನು ಹೇಳಬೇಕು ಎನ್ನುವುದನ್ನು ಅತ್ತೆಯೇ ಹೇಳಿಕೊಟ್ಟರು. "ಈ ಕಾರಲ್ಲಿ ಹೆದರಿಕೆ ಇಲ್ಲ ಅಂತ ನೀನೇ ಹೇಳ್ಬೇಕು. ಅದಕ್ಕೆ ನೀನು ಓಡಿಸಿರಬೇಕು."

ಮೈಸೂರಿನಲ್ಲಿ ಲೈಸೆನ್ಸ್ ಮಾಡಿಸಿದ ಮೇಲೆ ಕಾರು ಮುಟ್ಟಿರಲಿಲ್ಲ. ಈ ವಾರದ ಶುರುವಿನಲ್ಲಿ ಗೇಟಿನ ತನಕ ಓಡಿಸಿದೆ. ಮೂರು ಸಲ ಆಫ್ ಆಯಿತು. ಕ್ಲಚ್ ಎಷ್ಟು ಗಟ್ಟಿಯೆಂದರೆ ಸಂಜೆ ಮೆಟ್ಟಿಲು ಹತ್ತುವಾಗ ಎಡಗಾಲು ನಡುಗುತ್ತದೆ. ಆಮೇಲೆ ಬೀದಿಯ ತುದಿಯವರೆಗೆ. ಇವತ್ತು ಆಡಿ ಶುಕ್ರವಾರವೆಂದು ತಿರುವೊಟ್ಟಿಯೂರಿನ ಅಮ್ಮನ ಗುಡಿಗೆ ಹೋಗಿಬಂದೆವು. ಅತ್ತೆ ಸೆರಗನ್ನು ತಲೆಗೆ ಸುತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದರು. ಮೀನಿನ ಬಂಡಿಗಳ ನಡುವೆ ಎರಡನೇ ಗೇರಿನಲ್ಲೇ. ಉಬ್ಬು ಬಂದರೆ ನೇರ ಹೋಗಬಾರದು, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಬೇಕು, ಇಲ್ಲದಿದ್ದರೆ ಹೊಟ್ಟೆ ತಾಗುತ್ತದೆ. ಮೊದಲ ಎರಡು ತಾಗಿದವು. ಆಮೇಲಿನವು ತಾಗಲಿಲ್ಲ.

ಒಂದು ಬೀದಿಯಲ್ಲಿ ಅಮ್ಮನಿಗೆ ಗಂಜಿ ಕಾಯಿಸಿ ಹಂಚುತ್ತಿದ್ದವರು ನಮ್ಮನ್ನು ನಿಲ್ಲಿಸಿ ಇಬ್ಬರಿಗೂ ಲೋಟ ಕೊಟ್ಟರು. "ಎನ್ನ ವಂಡಿ ಮ್ಮಾ ಇದು?" ಇದೇನು ಗಾಡಿಯಮ್ಮಾ ಎಂದು ಒಬ್ಬ ಕೇಳಿದ.

ಅತ್ತೆ ಗಂಜಿ ಕುಡಿದು ಬಾಯಿ ಒರೆಸಿಕೊಂಡು, "ಏರೋಪ್ಲೇನ್" ಎಂದರು.

ಇದನ್ನೆಲ್ಲ ಅರವಿಂದ್‌ಗೆ ಹೇಳಿಲ್ಲ. ಅಪ್ಪ ಒಪ್ಪಿದ ಮೇಲೆ ಒಟ್ಟಿಗೇ ಹೇಳಬೇಕು.

೨೯ ಜುಲೈ, ಶುಕ್ರವಾರ

ಅಪ್ಪ ಒಪ್ಪಿದರು. ಸುಲಭವಾಗಿ ಅಲ್ಲ.

"ಪುಟ್ಟೀ, ನಾನು ಬ್ಯಾಂಕಿನಲ್ಲಿದ್ದಾಗ ಎಷ್ಟು ಕಾರ್ ಲೋನ್ ಆಕ್ಸಿಡೆಂಟಲ್ಲಿ ಮುಗಿದದ್ದು ನೋಡಿದ್ದೀನಿ ಗೊತ್ತಾ?"

"ಆ ಕಾರು ನಾನೇ ಓಡಿಸ್ತೀನಿ ಅಪ್ಪ. ಜೋರಾಗಿ ಓಡ್ಸೋಕೆ ರೋಡೇ ಇಲ್ಲ ಇಲ್ಲಿ."

"ನೀನಾ?" ಎಂದರು. ಹೌದು ಎಂದೆ. "ನಿನ್ನ ಇಷ್ಟ. ಅಳಿಯಂದ್ರಿಗೆ ಹೇಳು, ನಾನು ಆ ಮಾತು ಬಿಟ್ಟೆ ಅಂತ."

ಗುರುವಾರ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ಮಾಡುವ ದಿನ. ಅವತ್ತೇ ಹೇಳುತ್ತೇನೆ. ಇಳಂಗೋವನ್‌ಗೆ ಮುಂಗಡ ಹಿಂದಿರುಗಿಸಿದರಾಯಿತು. ಅತ್ತೆಗೆ ಹೇಳಿದಾಗ ಹಾರ್ನ್ ಒತ್ತಿಬಿಟ್ಟರು!

೪ ಆಗಸ್ಟ್, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಎದ್ದು ಕಡುಬು ಮಾಡಿದೆ. ಅರವಿಂದ್ ಸ್ನಾನ ಮುಗಿಸಿ ಮಣೆಯ ಮೇಲೆ ಕೂತ. ಅವನಿಗೆ ಇದೆಲ್ಲ ಮುಜುಗರ. ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಪಾದ ತೊಳೆದು ಅರಿಶಿನ, ಕುಂಕುಮ ಇಟ್ಟೆ, ಆರತಿ ಎತ್ತಿದೆ. ನಮಸ್ಕಾರ ಮಾಡಿ ಎದ್ದು ಹೇಳಿದೆ.

"ಅಪ್ಪ ಒಪ್ಪಿದ್ರು. ಕಾರು ಮಾರೋದು ಬೇಡ. ಷರತ್ತು ವಾಪಸ್."

ಅವನು ತನ್ನ ಪಾದಗಳನ್ನು ನೋಡಿದ. "ಷರತ್ತಿನ ವಿಷಯ ನಿಂಗೆ ಯಾರು ಹೇಳಿದ್ದು?"

"ಅತ್ತೆ."

"ಅವಳ್ಯಾಕೆ..." ಎಂದು ನಿಲ್ಲಿಸಿದ. ಆಮೇಲೆ, "ಪ್ರೇರಣಾ, ನಂಗೆ ಆ ಕಾರು ಬೇಡ" ಎಂದ.

"ನನಗೋಸ್ಕರ ಹಾಗೆ ಹೇಳಬೇಡ."

"ನಿನಗೋಸ್ಕರ ಅಲ್ಲ. ಎರಡು ವರ್ಷದಿಂದ ನಂಗದು ಬೋರ್ ಆಗಿದೆ. ಪ್ರತಿ ಭಾನುವಾರ ಅದರ ಕೆಳಗೆ ಮಲಗ್ಬೇಕು. ಒಂದು ಸರಿಯಾದ್ರೆ ಇನ್ನೊಂದು ಕೆಡತ್ತೆ. ಫ್ರೆಂಡ್ಸ್‌ಗೆಲ್ಲ ಅರವಿಂದ್ ಅಂದ್ರೆ ಆ ಕಾರು. ನಾನಾಗೇ ಸಾಕು ಅಂದ್ರೆ ಏನಂದ್ಕೊಳ್ತಾರೆ? ನಿಮ್ಮಪ್ಪ ಕೇಳಿದಾಗ ನಂಗೆ ಅಪ್ಪಾಡಾ, ಬದುಕಿದೆ ಅನ್ಸ್ತು."

"ಎಲ್ಲರ ಹತ್ರ ಅಪ್ಪನ ಹೆಸರು ಹೇಳ್ದೆ."

"ನಾನು ಹೇಳಲಿಲ್ಲ. ಅವರೇ ಅಂದ್ಕೊಂಡ್ರು. ನಾನು ಸುಮ್ಮನಿದ್ದೆ."

"ಅತ್ತೆ ನಿನ್ನ ನೆನೆಸ್ಕೊಂಡು ಅಳ್ತಾರೆ."

"ಅಮ್ಮ ಎಲ್ಲದಕ್ಕೂ ಅಳ್ತಾಳೆ, ವಿಡು."

ನಾನು ಆರತಿ ತಟ್ಟೆ ಕೆಳಗಿಟ್ಟೆ. "ಹಾಗಾದ್ರೆ ನಾನು ಇಟ್ಕೊಳ್ಳಲಾ ಅದನ್ನ?" ಎಂದೆ.

ಅವನು ನಕ್ಕ. ಕೆಟ್ಟದಾಗಿ ಅಲ್ಲ, ಮುದ್ದಿನಿಂದಲೇ. "ನೀನಾ? ಆ ಕ್ಲಚ್ ನಿನ್ನ ಕೈಲಿ ಒತ್ತೋಕಾಗತ್ತಾ? ತಾಂಬೂಲ ತಗೊಂಡಾಗಿದೆ ಪ್ರೇರಣಾ. ಸ್ಯಾಂಟ್ರೋ ಕೂಡ ಬುಕ್ ಮಾಡಿದ್ದೀನಿ."

ನಾನೂ ನಕ್ಕೆ. ಪಾದ ಒರೆಸಿದೆ. ಅವನು ಕಡುಬು ತಿಂದ, ಎರಡನೇ ಸಲವೂ ಹಾಕಿಸಿಕೊಂಡ, ಚೆನ್ನಾಗಿದೆ ಎಂದ. ಸ್ಕೂಟರ್ ಒರೆಸಿಕೊಂಡು ಕೆಲಸಕ್ಕೆ ಹೋದ.

ಓಡಿಸಲು ಕಲಿತದ್ದನ್ನು ಹೇಳಲಿಲ್ಲ.

೫ ಆಗಸ್ಟ್, ಶುಕ್ರವಾರ

ರಿವರ್ಸಿನಲ್ಲಿ ಗೇಟಿನೊಳಗೆ ತರುವುದು ಬಂತು.

೬ ಆಗಸ್ಟ್, ಶನಿವಾರ

ಆಷಾಢ ಮುಗಿಯಿತು. ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿ ಬಿಟ್ಟು, ಅತ್ತೆಯನ್ನು ಒಳಗೆ ಕರೆದೆ. ಮೆಟ್ಟಿಲು ಹತ್ತಿ ಬಂದರು, ಕಾಲೆತ್ತಿದರು, ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತರು.

"ಆಡಿ?"

ಎರಡನ್ನೂ ಪಾಲಿಸುವ ಒಪ್ಪಂದ ನನಗೆ ಮರೆತೇಹೋಗಿತ್ತು. ಅತ್ತೆ ತಿರುಗಿ ಹೋಗಿ ಕಾರಿನಲ್ಲಿ ಕೂತರು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. ನಾನು ಕಾಫಿ ಅಲ್ಲಿಗೇ ಒಯ್ದೆ.

"ಏನಂದ ಅವನು?" ಎಂದು ಕೇಳಿದರು. ಎರಡು ದಿನದಿಂದ ಕೇಳಲು ಕಾಯುತ್ತಿದ್ದರು.

"ತಾಂಬೂಲ ತಗೊಂಡ ಮೇಲೆ ಮಾತು ತಪ್ಪೋದು ಬೇಡ ಅಂದ್ರು."

ಅತ್ತೆಯ ಕಣ್ಣು ತುಂಬಿತು. "ಅವನಪ್ಪನ ಥರವೇ. ಕೊಟ್ಟ ಮಾತು ಅಂದ್ರೆ ಮುಗೀತು." ಮಧ್ಯಾಹ್ನ ರತ್ನಾವತಿಯವರ ಮನೆಯಲ್ಲಿ ಬಾದಾಮಿ ಹಲ್ವ ಮಾಡಿ ಮಗನಿಗೆಂದು ಡಬ್ಬಿ ಕಳಿಸಿದರು. ಅವನು ರಾತ್ರಿ ತಿಂದ. ನಾನು ಬಡಿಸಿದೆ.

೧೩ ಆಗಸ್ಟ್, ಶನಿವಾರ

ಇಳಂಗೋವನ್ ಇನ್ನೊಮ್ಮೆ ನೋಡಲು ಬಂದಿದ್ದ. ಅರವಿಂದ್ ಬಂದರಿನಲ್ಲಿದ್ದ. ನಾನೇ ತೋರಿಸಿದೆ. ಎಡಗಡೆ ಲೈಟಿನ ಮೋಟರ್ ಸತ್ತಿದೆ, ಬಾನೆಟ್ ತೆಗೆದು ಕೈಯಿಂದ ತಿರುಗಿಸಿದರೆ ಏಳುತ್ತದೆ. ಹುಡ್ ಎರಡು ಕಡೆ ಸೋರುತ್ತದೆ, ಒಂದು ಡ್ರೈವರ್ ಮೊಣಕಾಲಿನ ಮೇಲೆಯೇ. ತಣ್ಣಗಿದ್ದಾಗ ಎರಡನೇ ಗೇರು ಬೀಳುವುದಿಲ್ಲ, ಮೊದಲ ಒಂದೆರಡು ಕಿಲೋಮೀಟರು ಒಂದರಿಂದ ಮೂರಕ್ಕೆ ಹಾಕಬೇಕು. ಟರ್ಬೋ ಬಿಸಿಯಾದ ಮೇಲೆ ತಕ್ಷಣ ಆಫ್ ಮಾಡಬಾರದು. ಮೊದಲಿನ ಸೀಟು, ಸ್ಪ್ರಿಂಗು ಅಟ್ಟದ ಮೇಲಿವೆ, ಕೊಡುತ್ತೇನೆ.

ಅವನು ತಲೆಯಾಡಿಸುತ್ತ ಕೇಳಿದ. "ಸಾರ್ ಇದೆಲ್ಲ ಹೇಳಿರಲಿಲ್ಲ" ಎಂದ.

"ಅವರಿಗೆ ಮರೆತಿರಬೇಕು."

"ಇಷ್ಟೆಲ್ಲ ಹೇಳಿದ್ರೆ ಕೊಳ್ಳೋರು ಓಡಿಹೋಗ್ತಾರೆ ಮೇಡಂ."

ಓಡಿಹೋಗಲಿ ಎಂದು ಹೇಳಿದೆನೋ ಏನೋ ಎಂದು ಆಮೇಲೆ ಯೋಚಿಸಿದೆ. ಹಾಗೇನಿಲ್ಲ. ಇದ್ದದ್ದು ಹೇಳಿದೆ. ಅವನು ಓಡಿಹೋಗಲಿಲ್ಲ. ಸ್ಟಿಯರಿಂಗನ್ನು ಒಮ್ಮೆ ಸವರಿ, ಬುಧವಾರ ಬರುತ್ತೇನೆಂದು ಹೇಳಿ ಹೋದ.

೧೭ ಆಗಸ್ಟ್, ಬುಧವಾರ

ಅರವಿಂದ್‌ಗೆ ಹಡಗಿತ್ತು. ಕಾಗದಗಳಿಗೆಲ್ಲ ನಿನ್ನೆಯೇ ಸಹಿ ಹಾಕಿಟ್ಟು ಹೋದ. ಮಗನಿಗೆ ನೋಡಲು ಆಗದೆಂದು ಅತ್ತೆ ತಿಳಿದುಕೊಂಡರು.

ಇಳಂಗೋವನ್ ತನ್ನ ತಾಯಿಯನ್ನು ಕರೆತಂದಿದ್ದ. ಬಿಳಿ ಕೂದಲಿನ, ತುಂಬ ತೆಳ್ಳಗಿನ ಹೆಂಗಸು. ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು. ಆಡಿ ಮುಗಿದಿದ್ದರೂ ನಾಳೆ ಬೆಳಿಗ್ಗೆಯೇ ಒಳಗೆ ಬರುತ್ತೇನೆಂದಿದ್ದ ಅತ್ತೆ, "ಒಂದು ನಿಮಿಷ" ಎಂದು ಹೇಳಿ ರತ್ನಾವತಿಯವರ ಮನೆಗೆ ಓಡಿ, ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ ತಂದು, ತಾವು ದಿನಾ ಕೂರುತ್ತಿದ್ದ ಸೀಟಿನ ಮೇಲೆ ರವಿಕೆ ಕಣ ಹಾಸಿ ಮಡಿಲು ತುಂಬಿದರು. ಇಳಂಗೋವನ್‌ನ ತಾಯಿಗೆ ಇದು ಹೊಸದು. ಆದರೂ ಅರ್ಥವಾಯಿತು. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡು ನೋಡುತ್ತಿದ್ದರು.

ಗೇಟಿನ ಹತ್ತಿರ ಇಳಿಜಾರಿದೆ. ಇಳಂಗೋವನ್ ಎರಡು ಸಲ ಪ್ರಯತ್ನಿಸಿದ. ಹೊಟ್ಟೆ ತಾಗಿ ಕರ್ರ್ ಎಂದಿತು. ಬೆವರಿ ಇಳಿದುಬಂದ. "ನೀವೇ ರೋಡಿಗೆ ಬಿಟ್ಟುಕೊಡಿ ಮೇಡಂ."

ಕೂತೆ. ಚಪ್ಪಲಿ ಬಿಟ್ಟೆ. ಹಿಂದಕ್ಕೆ ತೆಗೆದು, ಬಲಕ್ಕೆ ಪೂರ್ತಿ ತಿರುಗಿಸಿ, ಓರೆಯಾಗಿ ಒಂದು ಚಕ್ರ, ಆಮೇಲೆ ಇನ್ನೊಂದು. ತಾಗಲಿಲ್ಲ. ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಲಿಲ್ಲ.

ಅವನ ತಾಯಿ ಹತ್ತಿರ ಬಂದು, ನಿಮ್ಮ ಗಾಡಿಯೇನಮ್ಮಾ ಎಂದು ಕೇಳಿದರು. "ಉಂಗ ವಂಡಿಯಾ ಮ್ಮಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನಿಂದ ಅತ್ತೆ ಜೋರಾಗಿ ಹೇಳಿದರು: "ಆಮಾ. ಅವ ವಂಡಿದಾ." ಹೌದು, ಅವಳದೇ ಗಾಡಿ ಎಂದು.

ಇಳಿದೆ. ಕೀಲಿ ಅದರಲ್ಲೇ ಇತ್ತು. ಅವರು ಹೋದರು. ಬೀದಿಯ ತುದಿಯ ಉಬ್ಬನ್ನು ಅವನು ಓರೆಯಾಗಿಯೇ ದಾಟಿದ.

೧೮ ಆಗಸ್ಟ್, ಗುರುವಾರ

ಅತ್ತೆ ಬೆಳಿಗ್ಗೆ ಬಲಗಾಲಿಟ್ಟು ಒಳಗೆ ಬಂದರು. ನಾನು ಆರತಿ ಎತ್ತಿದೆ. "ನಾಚಿಕೆ ಆಗ್ತಿದೆ ಕಣೇ" ಎಂದರು. ಒಳಗೆ ಬಂದವರೇ ಡಬ್ಬಿಗಳನ್ನೆಲ್ಲ ತೆರೆದು ನೋಡಿ ಜಾಗ ಬದಲಿಸಿದರು. ಸಾರಿಗೆ ಇಷ್ಟೊಂದು ಹುಣಸೆಹಣ್ಣು ಯಾಕೆ ಎಂದರು. ನಾನು ಕಡಿಮೆ ಮಾಡುತ್ತೇನೆ ಎಂದೆ. ಮಧ್ಯಾಹ್ನದವರೆಗೆ ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡಿದೆವು.

ಸಂಜೆ ಹುರುಳಿಕಾಯಿ ತಟ್ಟೆ ಹಿಡಿದು ಹೊರಗೆ ಬಂದೆ. ಅತ್ತೆ ಆಗಲೇ ಅಲ್ಲಿದ್ದರು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಚಾಪೆ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು.

"ಒಳಗೆ ತುಂಬ ಸೆಖೆ" ಎಂದರು.

ನಾನು ಬಲಗಡೆ ಕೂತೆ. ಅರ್ಧ ತಟ್ಟೆ ಮುಗಿಯುವಾಗ ಅರವಿಂದ್ ಬಂದ. ಪೋರ್ಟಿಕೋ ಖಾಲಿಯಿದೆಯೆಂದು ಖುಷಿಯಾಗಿ ಸ್ಕೂಟರನ್ನು ನೇರ ಒಳಗೆ ತಂದ. ಶನಿವಾರ ಸ್ಯಾಂಟ್ರೋ ಬರುತ್ತದಂತೆ, ಇಲ್ಲೇ ನಿಲ್ಲಿಸಬಹುದಂತೆ.

"ಬೀದೀಲಿ ನಿಲ್ಸು" ಎಂದೆ.

"ಯಾಕೆ?"

"ಇಲ್ಲಿ ನಾವು ಕೂತಿದೀವಲ್ಲ."

ಅವನು ಅಮ್ಮನ ಮುಖ ನೋಡಿದ. ಅತ್ತೆ ಒಂದು ಹುರುಳಿಕಾಯಿ ಮುರಿದು, ನಾರು ಎಳೆದು, ತಟ್ಟೆಗೆ ಹಾಕಿದರು. ಅವನು ಸ್ಕೂಟರನ್ನು ಹಿಂದಕ್ಕೆ ತಳ್ಳಿಕೊಂಡು ಹೋದ.